ಚುಕ್ಕೆ ಬೀಳದ ಸಾಲು

ಹದಿಮೂರನೆಯ ವಾರ ಮುಗಿದ ಭಾನುವಾರ ಸಂಜೆ ಆ ಪುಸ್ತಕವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಡಿಸಿಟ್ಟುಕೊಂಡು ಚುಕ್ಕೆಗಳನ್ನು ಎಣಿಸಿದೆ. ‘ಕ್ರಮ’ದ ಸಾಲಿನಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಚುಕ್ಕೆಗಳು. ‘ಮೌನ’ದಲ್ಲಿ ಒಂಬತ್ತು. ‘ಮಿತವ್ಯಯ’ದಲ್ಲಿ ಏಳು, ಅದರಲ್ಲಿ ಎರಡು ಒಂದೇ ಸೀರೆಯ ಲೆಕ್ಕದವು. ‘ಶಾಂತಿ’ಯ ಸಾಲು ಮಾತ್ರ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ತೊಂಬತ್ತೊಂದು ದಿನಗಳಲ್ಲಿ ಒಂದೂ ಚುಕ್ಕೆ ಬಿದ್ದಿರಲಿಲ್ಲ. ಹೆಮ್ಮೆಯಿಂದ ಗಂಡನಿಗೆ ತೋರಿಸಿದೆ. “ಅದರಲ್ಲೇನು ಆಶ್ಚರ್ಯ? ಇಪ್ಪತ್ತಾರು ವರ್ಷದಲ್ಲಿ ನಿನಗೆ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇಲ್ಲ” ಎಂದು ಅವರು ಪತ್ರಿಕೆಯ ಪುಟ ತಿರುವಿದರು.

ಇಡೀ ಪುಸ್ತಕದಲ್ಲಿ ದೊಡ್ಡ ಸುಳ್ಳೆಂದರೆ ಆ ಸಾಲು. ಅದು ನನಗೆ ತಿಳಿಯಲು ಇನ್ನೂ ಎರಡು ತಿಂಗಳು ಬೇಕಾಯಿತು.

ಚುಕ್ಕೆಯ ಉಪಾಯ ಹದಿನೆಂಟನೆಯ ಶತಮಾನದ ಅಮೆರಿಕದ ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್‌ನದು. ಇಪ್ಪತ್ತರ ಹರೆಯದಲ್ಲಿ ಅವನಿಗೆ ಪರಿಪೂರ್ಣ ಮನುಷ್ಯನಾಗಿಬಿಡಬೇಕೆಂಬ ಹಟ ಹುಟ್ಟಿತು. ಹದಿಮೂರು ಸದ್ಗುಣಗಳ ಪಟ್ಟಿ ಮಾಡಿದ. ಒಂದು ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ವಾರದ ಏಳು ದಿನಕ್ಕೆ ಏಳು ಕಂಬ, ಗುಣಕ್ಕೊಂದು ಸಾಲು ಮಾಡಿಕೊಂಡ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ. ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತಾಗಿ, ಕೊನೆಗೆ ದಂತದ ಹಾಳೆಗಳ ಮೇಲೆ ಸೀಸದ ಕಡ್ಡಿಯಿಂದ ಗುರುತು ಹಾಕಿ ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದನಂತೆ. ಅವನಿಗೂ ‘ಕ್ರಮ’ವೇ ಎಲ್ಲಕ್ಕಿಂತ ಕಷ್ಟವಾದದ್ದು. ಅದನ್ನು ಓದಿ ನನಗೆ ಸಮಾಧಾನವಾಗಿತ್ತು. ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತೇಳು ವರ್ಷ ಲೆಕ್ಕ ಬರೆದವಳಿಗೆ ಕಂಬ, ಸಾಲು, ಮೊತ್ತವೆಂದರೆ ಮನೆಯೂಟದಷ್ಟು ಹಿತ.

ನಾನು ಇದಕ್ಕೆಲ್ಲ ಕೈಹಾಕಲು ಕಾರಣ ಮಗಳು. ಯುಪಿಎಸ್‌ಸಿ ಪರೀಕ್ಷೆಗೆ ಬೆಂಗಳೂರಿನಲ್ಲಿ ತರಬೇತಿ ಪಡೆಯುತ್ತಿದ್ದವಳು ಎರಡು ಚೀಲ ಟಿಪ್ಪಣಿಗಳ ಸಮೇತ ಮನೆಗೆ ಬಂದಳು. 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೇ ಒಂದು ಪತ್ರಿಕೆಯಿದೆ, 250 ಅಂಕ. ಅಂಕಕ್ಕಾಗಿ ನೀತಿ ಓದುವುದು ನನಗೆ ತಮಾಷೆಯಾಗಿ ಕಂಡಿತು. ಅವಳು ಮಲಗಿದ ಮೇಲೆ ಟಿಪ್ಪಣಿ ತಿರುವಿದೆ. ಕೆಲಸದ ಫಲ ನೋಡಿ ಒಳಿತು ಕೆಡುಕು ಹೇಳುವವರು ಒಂದು ಕಡೆ, ಅಲ್ಲಿ ಬೆಂಥಾಮ್ ಮತ್ತು ಮಿಲ್. ಕರ್ತವ್ಯ ನೋಡಿ ಹೇಳುವವನು ಕಾಂಟ್. ಕೆಲಸವನ್ನು ಬದಿಗಿಟ್ಟು, ಅದನ್ನು ಮಾಡುವ ಮನುಷ್ಯ ಎಂಥವನು ಎಂದು ಕೇಳುವವನು ಪ್ರಾಚೀನ ಗ್ರೀಸಿನ ಅರಿಸ್ಟಾಟಲ್. ಅವನಿಗೆ ಅರ್ಧ ಪುಟ. ಕೆಳಗೆ ಹಳದಿ ಬಣ್ಣ ಬಳಿದು ‘ಸುವರ್ಣ ಮಧ್ಯಮ’, ಅಂದರೆ ಅತಿಯೂ ಅಲ್ಲದ ಕೊರತೆಯೂ ಅಲ್ಲದ ನಡುಹಾದಿ, ಎಂದು ಬರೆದಿತ್ತು.

ಚುಕ್ಕೆ ಪುಸ್ತಕ ಮುಗಿದ ಮೇಲೆ ಆ ಅರ್ಧ ಪುಟ ಸಾಲದೆನ್ನಿಸಿ, ಮಗಳು ಕೊಂಡು ತೆರೆಯದೆ ಬಿಟ್ಟಿದ್ದ ಅರಿಸ್ಟಾಟಲ್‌ನ ನೀತಿಗ್ರಂಥ ‘ನಿಕೊಮಾಕಿಯನ್ ಎಥಿಕ್ಸ್’ನ ಇಂಗ್ಲಿಷ್ ಅನುವಾದಕ್ಕೆ ಕೈಹಾಕಿದೆ. ಹತ್ತು ಅಧ್ಯಾಯ. ದಿನಕ್ಕೆ ಎರಡು ಪುಟ, ಕುಕ್ಕರ್ ಕೂಗುವವರೆಗೆ. ಮೊದಲ ಅಧ್ಯಾಯದಲ್ಲಿಯೇ ಅವನು, ಈ ವಿಷಯದ ಪಾಠ ಕೇಳಲು ಎಳೆಯರು ತಕ್ಕವರಲ್ಲ, ಅವರಿಗೆ ಬದುಕಿನ ಅನುಭವ ಸಾಲದು ಎನ್ನುತ್ತಾನೆ. ಮಗಳಿಗೆ ಓದಿ ಹೇಳಿದೆ. “ಹಾಗಾದರೆ ಪರೀಕ್ಷೆ ನೀನೇ ಬರೆ” ಎಂದಳು.

‘ಸುವರ್ಣ’ ಎಂಬ ಮಾತು ಅವನದಲ್ಲವೇ ಅಲ್ಲ, ಬಹಳ ಕಾಲದ ಮೇಲೆ ರೋಮಿನ ಕವಿ ಹೊರೇಸ್ ಸೇರಿಸಿದ್ದು. ಮಧ್ಯಮವೆಂದರೆ ಎಲ್ಲವನ್ನೂ ಅರ್ಧರ್ಧ ಮಾಡುವುದೆಂದು ನಾನು ತಿಳಿದಿದ್ದೆ. ಅವನು ಮೈಲೋ ಎಂಬ ಕುಸ್ತಿಪಟುವಿನ ಊಟದ ಉದಾಹರಣೆ ಕೊಡುತ್ತಾನೆ. ಹತ್ತು ಅಳತೆ ಹೆಚ್ಚು, ಎರಡು ಕಡಿಮೆ ಎಂದ ಮಾತ್ರಕ್ಕೆ ಎಲ್ಲರಿಗೂ ಆರು ಬಡಿಸಲಾಗುವುದಿಲ್ಲ. ಆರು ಮೈಲೋವಿಗೆ ಕಡಿಮೆ, ಈಗಷ್ಟೇ ಗರಡಿಗೆ ಬಂದ ಹುಡುಗನಿಗೆ ಹೆಚ್ಚು. ಸಿಟ್ಟಿಗೂ ಇದೇ ಲೆಕ್ಕ. ಸಿಟ್ಟು ಮಾಡಿಕೊಳ್ಳಬೇಕಾದಲ್ಲಿ ಮಾಡಿಕೊಳ್ಳದವನು ಅವನ ಕಣ್ಣಿಗೆ ಶಾಂತನಲ್ಲ, ದಡ್ಡ. ಈ ಸಾಲು ಓದಿದಾಗ ನನಗೆ ಮುಖಕ್ಕೆ ನೀರೆರಚಿದಂತಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಅದರ ಮುಂದಿನ ಪುಟದಲ್ಲಿ. ನಾಲ್ಕನೆಯ ಅಧ್ಯಾಯದಲ್ಲಿ ಸಿಟ್ಟಿನವರನ್ನು ಅವನು ಜಾತಿವಾರು ವಿಂಗಡಿಸುತ್ತಾನೆ. ಬೇಗ ಸಿಟ್ಟಾಗುವವರಿದ್ದಾರೆ, ಅವರದು ಬೇಗ ಇಳಿಯುತ್ತದೆ, ಅದೇ ಅವರಲ್ಲಿರುವ ಒಳ್ಳೆಯ ಗುಣ. ಇನ್ನೊಂದು ಬಗೆಯವರನ್ನು ಅವನು ‘ಕಹಿ’ಯವರು ಎನ್ನುತ್ತಾನೆ. ಅವರು ಸಿಟ್ಟನ್ನು ಒಳಗೇ ಹಿಡಿದಿಡುತ್ತಾರೆ. ಹೊರಗೆ ಕಾಣದ್ದರಿಂದ ಯಾರೂ ಅವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಸಿಟ್ಟನ್ನು ಒಬ್ಬರೇ ಜೀರ್ಣಿಸಿಕೊಳ್ಳಲು ಬಹಳ ಕಾಲ ಬೇಕು. ಇಂಥವರು ತಮಗೂ ತಮ್ಮ ಆಪ್ತರಿಗೂ ಎಲ್ಲರಿಗಿಂತ ಹೆಚ್ಚಿನ ಕಾಟ.

ಕುಕ್ಕರ್ ಎಷ್ಟು ಸಲ ಕೂಗಿತೋ ನೆನಪಿಲ್ಲ. ಅಂದಿನ ಬೇಳೆ ತಳ ಹಿಡಿದಿತ್ತು.

2012ರಲ್ಲಿ ಅಪ್ಪ ತೀರಿಕೊಂಡ ಆರು ತಿಂಗಳಿಗೆ ಶಿರಸಿಯಿಂದ ಅಣ್ಣನ ಫೋನ್ ಬಂತು. ಬರುವ ಗುರುವಾರ ಹನ್ನೊಂದು ಗಂಟೆಗೆ ಉಪನೋಂದಣಾಧಿಕಾರಿಗಳ ಕಚೇರಿ, ಫೋಟೋ ಮತ್ತು ಗುರುತಿನ ಚೀಟಿ ತರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಮನೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ತೋಟ ಅವನೊಬ್ಬನ ಹೆಸರಿಗಾಗಲು ನನ್ನ ಹಕ್ಕು ಬಿಡುಗಡೆ ಪತ್ರ ಬೇಕಿತ್ತು. ‘ಬಿಡುತ್ತೀಯಾ’ ಎಂದು ಅವನು ಕೇಳಲಿಲ್ಲ. ಗುರುವಾರ ಅನುಕೂಲವೇ ಎಂದು ಮಾತ್ರ ಕೇಳಿದ. ನಾನು ನಗುನಗುತ್ತಾ ಸಹಿ ಮಾಡಿದೆ, ಹೆಬ್ಬೆಟ್ಟೊತ್ತಿದೆ. ಹೊರಗೆ ಬಂದಾಗ ನೆಂಟರೊಬ್ಬರು “ಎಂಥ ದೊಡ್ಡ ಮನಸ್ಸು! ಹೆಣ್ಣುಮಕ್ಕಳೆಂದರೆ ಹೀಗಿರಬೇಕು” ಎಂದರು. ಎದುರಿನ ಹೋಟೆಲಿನಲ್ಲಿ ಅಣ್ಣ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ. ನನ್ನ ಬೆರಳಿನ ನೀಲಿ ಶಾಯಿ ಚಟ್ನಿಗೆ ತಾಗದಂತೆ ನಾಲ್ಕು ಬೆರಳಿನಲ್ಲಿ ತಿಂದೆ. ಆಮೇಲೆ ಒಂಬತ್ತು ವರ್ಷ ಆ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಶ್ರಾದ್ಧದೂಟ ಮುಗಿಸಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಕೇಳಿದವರಿಗೆ ಬ್ಯಾಂಕಿನ ಕೆಲಸ ಎನ್ನುತ್ತಿದ್ದೆ. ಅಸಲು ಅಷ್ಟೇ ಇತ್ತು, ಬಡ್ಡಿ ಬೆಳೆಯುತ್ತಿತ್ತು.

ಇದೇ ಅರಿಸ್ಟಾಟಲ್ ಔದಾರ್ಯದ ಬಗ್ಗೆ ಬರೆಯುವಾಗ, ಕೊಡುವಾಗ ಸಂಕಟಪಡುವವನು ಉದಾರಿಯಲ್ಲ ಎನ್ನುತ್ತಾನೆ. ಅಂಥವನಿಗೆ ಒಳ್ಳೆಯ ಕೆಲಸಕ್ಕಿಂತ ಹಣವೇ ಹೆಚ್ಚು ಬೇಕಾಗಿತ್ತು. ಗುಣ ಮನುಷ್ಯನಲ್ಲಿ ಬೇರೂರಿದೆಯೋ ಇಲ್ಲವೋ ತಿಳಿಯಲು ಅವನ ಪ್ರಕಾರ ಒಂದೇ ಗುರುತು: ಆ ಕೆಲಸ ಮಾಡುವಾಗ ಮನುಷ್ಯನಿಗೆ ಹಿತವಾಗುತ್ತದೆಯೋ ಹಿಂಸೆಯಾಗುತ್ತದೆಯೋ ನೋಡು. ಹಲ್ಲು ಕಚ್ಚಿ ಸರಿಯಾದದ್ದನ್ನು ಮಾಡುವವನು ಸಂಯಮಿ. ಅದು ಸಣ್ಣ ಮಾತಲ್ಲ, ಆದರೆ ಸದ್ಗುಣವೆಂದರೆ ಹಲ್ಲು ಕಚ್ಚುವ ಅಗತ್ಯವೇ ಬೀಳದ ಸ್ಥಿತಿ. ನಾನು ಸಹಿ ಮಾಡಿದ್ದು ಸರಿಯಾದ ಕೆಲಸವೇ ಎಂಬುದೂ ಸಂಶಯ. ಜನರ ಬಾಯಿಗೆ ಹೆದರಿ ಮಾಡಿದ ಕೆಲಸಕ್ಕೆ ದೊಡ್ಡ ಮನಸ್ಸಿನ ಹೆಸರು ಬಿದ್ದಿತ್ತು, ಆ ಹೆಸರನ್ನು ನಾನು ಬೇಡವೆನ್ನಲಿಲ್ಲ.

ಇನ್ನೊಂದು ಮಾತು ಹೆಚ್ಚು ಕಾಡಿತು. ಮನೆ ಕಟ್ಟಿ ಕಟ್ಟಿ ಮನುಷ್ಯ ಮೇಸ್ತ್ರಿಯಾಗುತ್ತಾನೆ, ನುಡಿಸಿ ನುಡಿಸಿ ವಾದಕನಾಗುತ್ತಾನೆ, ನ್ಯಾಯದ ಕೆಲಸ ಮಾಡಿ ಮಾಡಿ ನ್ಯಾಯವಂತನಾಗುತ್ತಾನೆ. ಇದನ್ನು ಎಲ್ಲರೂ ಹೇಳುತ್ತಾರೆ. ಕೆಟ್ಟದಾಗಿ ನುಡಿಸಿ ನುಡಿಸಿಯೇ ಕೆಟ್ಟ ವಾದಕನೂ ತಯಾರಾಗುತ್ತಾನೆ ಎಂದು ಅವನು ಅಲ್ಲಿಯೇ ಸೇರಿಸಿದ್ದಾನೆ. ಅಭ್ಯಾಸವಿಲ್ಲದ್ದು ನನ್ನ ಕೊರತೆಯಾಗಿರಲಿಲ್ಲ. ನುಂಗಿಕೊಳ್ಳುವುದನ್ನು ಮದುವೆಯಾದ ದಿನದಿಂದ ದಿನವೂ ತಪ್ಪದೆ ಅಭ್ಯಾಸ ಮಾಡಿದ್ದೆ. ಆ ವಿದ್ಯೆಯಲ್ಲಿ ನಾನು ವಿದುಷಿ.

ಇನ್ನೀಗ ಐವತ್ತೊಂದಕ್ಕೆ ಏನು ಮಾಡುವುದು? ಚಿಕ್ಕಂದಿನ ರೂಢಿಯೇ ಸರ್ವಸ್ವ ಎಂಬ ಅರ್ಥದ ಮಾತನ್ನು ಅವನೂ ಹೇಳಿದ್ದಾನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮವರು ಹೇಳಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದೂ ಹೇಳಿಟ್ಟಿದ್ದಾರೆ. ಪುಸ್ತಕ ಮುಚ್ಚಿಡುವವಳಿದ್ದೆ. ಎರಡನೆಯ ಅಧ್ಯಾಯದ ಕೊನೆಗೆ ಹಿಂದೊಮ್ಮೆ ಅವಸರದಲ್ಲಿ ದಾಟಿ ಹೋಗಿದ್ದ ಒಂದು ಉಪಾಯ ಸಿಕ್ಕಿತು. ನಾವು ಯಾವ ಕಡೆಗೆ ವಾಲುತ್ತೇವೆಂದು ನೋಡಿಕೊಂಡು, ಅದರ ವಿರುದ್ಧ ದಿಕ್ಕಿಗೆ ನಮ್ಮನ್ನು ನಾವೇ ಎಳೆದುಕೊಳ್ಳಬೇಕು, ಡೊಂಕು ಮರವನ್ನು ನೇರ ಮಾಡುವವರ ಹಾಗೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಅಡಿಕೆ ಕೊಯ್ಲಿಗೆ ಮುಂಚೆ ಅಪ್ಪ ದೋಟಿಗೆ, ಅಂದರೆ ಗೊನೆ ಕೊಯ್ಯುವ ಉದ್ದ ಕೋಲಿಗೆ, ಬಿದಿರು ತರುತ್ತಿದ್ದರು. ಉದ್ದದ ಬಿದಿರಿನಲ್ಲಿ ಎಲ್ಲೋ ಒಂದು ಕಡೆ ಡೊಂಕು ಇದ್ದೇ ಇರುತ್ತದೆ. ಅಂಗಳದಲ್ಲಿ ಒಣ ಸೋಗೆಗೆ ಬೆಂಕಿ ಹಚ್ಚಿ ಡೊಂಕಿದ್ದ ಗೆಣ್ಣನ್ನು ಅದರ ಮೇಲೆ ತಿರುಗಿಸುತ್ತಾ ಕಾಯಿಸುತ್ತಿದ್ದರು. ಹಸಿರು ಮೈ ಬೆವರಿದಂತೆ ಹೊಳೆಯುತ್ತಿತ್ತು, ತುದಿಯಿಂದ ನೀರು ಸಿಳ್ಳೆ ಹಾಕುತ್ತಾ ಬರುತ್ತಿತ್ತು. ಹದ ಬಂತೆನ್ನಿಸಿದ ಕೂಡಲೇ ಹಲಸಿನ ಮರದ ಕವಲಿಗೆ ಸಿಕ್ಕಿಸಿ ಒತ್ತುತ್ತಿದ್ದರು, ನೇರವಾಗುವವರೆಗೆ ಅಲ್ಲ, ಅದನ್ನೂ ದಾಟಿ ಆಚೆಯ ಕಡೆಗೆ ಬಾಗುವವರೆಗೆ. “ಈಗ ಆ ಕಡೆ ಡೊಂಕಾಯಿತಲ್ಲ ಅಪ್ಪ” ಎಂದರೆ “ಬಿಟ್ಟ ಮೇಲೆ ಅದು ತಾನೇ ಹಿಂದೆ ಬರುತ್ತದೆ” ಎನ್ನುತ್ತಿದ್ದರು. ತಣಿಯುವವರೆಗೆ ಇಬ್ಬರೂ ಹಾಗೆಯೇ ಹಿಡಿದು ನಿಲ್ಲಬೇಕು. ಕೈ ಸೋತು ಬಿಟ್ಟರೆ ಮತ್ತೆ ಮೊದಲಿನಿಂದ. ಸುಟ್ಟರೆ ಹೋಗುವ ಗುಣವೂ ಇದೆ ಎಂದಾಯಿತು.

ಹೊಸ ಪುಸ್ತಕ ಮಾಡಿದೆ. ಚುಕ್ಕೆ ಬೇಡವೆನ್ನಿಸಿತು. ಫ್ರಾಂಕ್ಲಿನ್‌ನ ಪುಸ್ತಕದಲ್ಲಿ ಮಾಡಿದ ತಪ್ಪಿಗೆ ಮಾತ್ರ ಜಾಗವಿತ್ತು, ಮಾಡದೆ ಬಿಟ್ಟದ್ದಕ್ಕೆ ಕಂಬವಿರಲಿಲ್ಲ. ಅರಿಸ್ಟಾಟಲ್ ಹೇಳುವುದೇನೆಂದರೆ, ಸಿಟ್ಟಾಗುವುದು ಯಾರಿಗೂ ಸುಲಭ. ತಕ್ಕ ವ್ಯಕ್ತಿಯ ಮೇಲೆ, ತಕ್ಕ ಕಾರಣಕ್ಕೆ, ತಕ್ಕಷ್ಟು, ತಕ್ಕ ಹೊತ್ತಿನಲ್ಲಿ, ತಕ್ಕ ರೀತಿಯಲ್ಲಿ ಸಿಟ್ಟಾಗುವುದು ಕಷ್ಟ. ಐದು ಕಂಬ ಎಳೆದೆ: ಯಾರ ಮೇಲೆ, ಯಾವುದಕ್ಕೆ, ಎಷ್ಟು, ಯಾವಾಗ, ಹೇಗೆ.

ಮೊದಲ ವಾರಗಳು ನಾಚಿಕೆಗೇಡು. ನಮ್ಮ ಶಾಖೆಯಲ್ಲಿ ಸಹೋದ್ಯೋಗಿಯೊಬ್ಬರು ನಾಲ್ಕೂವರೆಗೆ ‘ಒಂದು ಸಣ್ಣ ಕೆಲಸವಿದೆ’ ಎಂದು ಎದ್ದು ಹೋಗುತ್ತಿದ್ದರು. ಅವರ ಕೌಂಟರಿನ ನಗದು ಲೆಕ್ಕವನ್ನು ಮೂರು ವರ್ಷದಿಂದ ನಾನೇ ಮುಗಿಸುತ್ತಿದ್ದೆ. ಅಭ್ಯಾಸವನ್ನು ಅವರಿಂದಲೇ ಆರಂಭಿಸಬೇಕೆಂದು ನಿರ್ಧರಿಸಿದ್ದೆ. ಆರಂಭವಾದದ್ದು ಸೊಪ್ಪಿನವಳಿಂದ. ಹತ್ತು ರೂಪಾಯಿಗೆ ಮೂರರ ಬದಲು ಎರಡು ಕಟ್ಟು ಕೊಟ್ಟಳೆಂದು ಬೀದಿಯಲ್ಲಿ ಕೂಗಾಡಿದೆ. ಪಾಪ, ಮಳೆಗೆ ಸೊಪ್ಪು ಕೊಳೆತು ದರ ಏರಿತ್ತು. ಪುಸ್ತಕದಲ್ಲಿ ಬರೆದೆ: ಯಾರ ಮೇಲೆ, ತಪ್ಪು. ಯಾವುದಕ್ಕೆ, ತಪ್ಪು. ಎಷ್ಟು, ಅತಿ. ಯಾವಾಗ ಎಂಬಲ್ಲಿ ಮಾತ್ರ ‘ತಕ್ಷಣ’ ಎಂದು ಬರೆದು ನನಗೆ ನಾನೇ ಅರ್ಧ ಅಂಕ ಕೊಟ್ಟುಕೊಂಡೆ. ಮಾರನೆಯ ದಿನ ಅವಳ ಹತ್ತಿರ ಹೋಗಿ ತಪ್ಪಾಯಿತೆಂದೆ. “ನೀವೇ ಅಮ್ಮ ಕೂಗಾಡಿದ್ದು? ನಿಮ್ಮ ತಂಗಿ ಅಂದುಕೊಂಡೆ” ಎಂದಳು.

ಮೇಲಿನವರ ಮೇಲಿನ ಸಿಟ್ಟು ಕೆಳಗಿನವರ ಮೇಲೆ ಸುರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅದನ್ನು ನನ್ನದೇ ಕೈಬರಹದಲ್ಲಿ ಓದುವುದು ಬೇರೆಯೇ ಅನುಭವ. ಒಂದು ತಿಂಗಳ ‘ಯಾರ ಮೇಲೆ’ ಕಂಬದಲ್ಲಿ ನನಗೆ ತಿರುಗಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಆಟೋದವನು, ಪಾತ್ರೆ ತೊಳೆಯುವವಳು, ಎರಡು ಸಲ ಮಗಳು. ಮಧ್ಯಮ ಎಲ್ಲಿದೆ ಎಂದು ತಿಳಿಯಲು ವಿವೇಕಿಯಾದವನು ಹೇಗೆ ನಡೆಯುತ್ತಾನೋ ಅದನ್ನು ನೋಡು ಎನ್ನುತ್ತಾನೆ ಅರಿಸ್ಟಾಟಲ್. ನನ್ನ ಸುತ್ತ ಯಾರಿದ್ದಾರೆಂದು ಯೋಚಿಸಿದರೆ ನೆನಪಾದದ್ದು ಸಿದ್ದಾಪುರದ ಕಡೆಯ ಸೋದರತ್ತೆ. ಕುಟುಂಬದಲ್ಲಿ ಅವಳಿಗೆ ‘ಬಾಯಿ ಜೋರು’ ಎಂಬ ಹೆಸರು. ಅವಳು ಬಯ್ಯುವುದಿದ್ದರೆ ಎದುರಿಗೆ, ಆಗಲೇ, ಆ ವಿಷಯಕ್ಕಷ್ಟೇ. ಹಳೆಯದನ್ನು ಎತ್ತುವುದಿಲ್ಲ. ಬಯ್ದು ಮುಗಿಸಿ ಅದೇ ಉಸಿರಿನಲ್ಲಿ “ಕಷಾಯ ಕುಡಿಯುತ್ತೀಯಾ?” ಎನ್ನುತ್ತಾಳೆ. ನಲವತ್ತು ವರ್ಷ ಅವಳನ್ನು ನೋಡಿ ‘ನಾನು ಹಾಗಾಗಬಾರದು’ ಎಂದುಕೊಂಡಿದ್ದೆ.

ಇಲ್ಲಿ ಅರಿಸ್ಟಾಟಲ್‌ನ ಮೇಲೆಯೂ ಒಂದು ಸಾಲು ಬರೆಯಬೇಕು, ಐದೂ ಕಂಬ ತುಂಬುವಂತೆ. ಸಿಟ್ಟೇ ಬಾರದಿರುವುದು ದೋಷವೆಂದು ನನಗೆ ಕಲಿಸಿದವನೇ ಇನ್ನೊಂದು ಗ್ರಂಥದಲ್ಲಿ, ರಾಜ್ಯಶಾಸ್ತ್ರದಲ್ಲಿ, ಮೌನ ಹೆಣ್ಣಿಗೆ ಭೂಷಣವೆಂಬ ನಾಟಕಕಾರ ಸೋಫೊಕ್ಲಿಸ್‌ನ ಸಾಲನ್ನು ಮೆಚ್ಚಿ ಎತ್ತಿಕೊಂಡಿದ್ದಾನೆ. ಗಂಡಿನ ಧೈರ್ಯ ಆಜ್ಞಾಪಿಸುವುದರಲ್ಲಿ, ಹೆಣ್ಣಿನ ಧೈರ್ಯ ಪಾಲಿಸುವುದರಲ್ಲಂತೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸ್ ಎಂದು ಮಾಫಿ ಮಾಡಬಹುದು, ನನಗೆ ಮನಸ್ಸಿಲ್ಲ. ಅವನ ಸದ್ಗುಣದ ವಿಚಾರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಜೀವ ತುಂಬಿದವರಲ್ಲಿ ಮುಂದೆ ನಿಂತವರು ತತ್ತ್ವಶಾಸ್ತ್ರ ಓದಿದ ಹೆಂಗಸರು. ಎಲಿಜಬೆತ್ ಆನ್ಸ್‌ಕೂಂಬ್ 1958ರಲ್ಲಿ ಬರೆದ ಒಂದು ಲೇಖನದಿಂದ ಆ ಚರ್ಚೆ ಮತ್ತೆ ಶುರುವಾಯಿತು, ಫಿಲಿಪ್ಪಾ ಫುಟ್ ಮೊದಲಾದವರು ಬೆಳೆಸಿದರು. ಅವರು ಮೌನವಾಗಿದ್ದಿದ್ದರೆ ಮಗಳ ಟಿಪ್ಪಣಿಯಲ್ಲಿ ಅವನಿಗೆ ಆ ಅರ್ಧ ಪುಟವೂ ಸಿಗುತ್ತಿತ್ತೋ ಇಲ್ಲವೋ.

ಸಹೋದ್ಯೋಗಿಗೆ ಹೇಳುವ ವಾಕ್ಯವನ್ನು ಒಂದು ವಾರ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದೆ. ಕೊನೆಗೆ ಒಂದು ಮಂಗಳವಾರ ಅವರು ಚೀಲ ಹೆಗಲಿಗೇರಿಸಿದಾಗ, “ಇವತ್ತಿನಿಂದ ನಿಮ್ಮ ಲೆಕ್ಕ ನೀವೇ ಮುಗಿಸಿ ಹೋಗಿ. ಮೂರು ವರ್ಷ ಮಾಡಿದೆ, ನನಗೆ ಸಿಟ್ಟು ಬಂದಿದೆ” ಎಂದೆ. ಧ್ವನಿ ನಡುಗಿತು. ಅವರು ಗಾಬರಿಯಾಗಿ “ಮೇಡಂ, ಹುಷಾರಿಲ್ಲವೇ? ಬಿಪಿ ನೋಡಿಸಿದಿರಾ?” ಎಂದು ಕೇಳಿದರು. ನಗು ಬಂತು, ತಡೆದುಕೊಂಡೆ. ಅವರು ಕೂತು ಲೆಕ್ಕ ಮುಗಿಸಿದರು, ನಲವತ್ತು ರೂಪಾಯಿ ವ್ಯತ್ಯಾಸ ಬಂತು, ಇಬ್ಬರೂ ಸೇರಿ ಹುಡುಕಿದೆವು. ಆ ರಾತ್ರಿ ಎಂದಿನ ಎದೆಯುರಿಗಾಗಿ ಕಾದಿದ್ದೆ, ಬರಲಿಲ್ಲ. ಹಿತವೋ ಹಿಂಸೆಯೋ ಎಂದು ಕೇಳಿಕೊಂಡೆ. ಮುಳ್ಳು ತೆಗೆದ ಮೇಲಿನ ನೋವಿನಂತಿತ್ತು, ಆದರೂ ಹಿತದ ಕಡೆಗೆ.

ನಂತರದ ಕೆಲವು ತಿಂಗಳನ್ನು ಬೇಗ ಹೇಳಿ ಮುಗಿಸಬಹುದು. ಕೆಲವು ಸಲ ಸರಿಹೋಯಿತು, ಕೆಲವು ಸಲ ಬಿದಿರು ಹಿಂದಕ್ಕೆ ಚಿಮ್ಮಿತು. ಗಂಡನಿಗೆ ಪುಸ್ತಕದ ವಿಷಯ ತಿಳಿದು, ತಮ್ಮ ಹೆಸರು ಎಷ್ಟು ಸಲ ಇದೆ ಎಂದು ವಿಚಾರಿಸಿದರು. ನಾಲ್ಕು ಎಂದೆ. “ಅಷ್ಟೇನಾ?” ಎಂದು ಅವರು ನಿರಾಳವಾದದ್ದು ಐದನೆಯದಕ್ಕೆ ಕಾರಣವಾಯಿತು.

ಅಪ್ಪನ ಶ್ರಾದ್ಧಕ್ಕೆ ಆ ವರ್ಷ ಹಿಂದಿನ ದಿನವೇ ಹೋದೆ. ಅಡಿಕೆ ಕೊಯ್ಲಿನ ಕಾಲ, ಗೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತಿದ್ದ. ಅಂಗಳದಲ್ಲಿ ಅಣ್ಣ ಹಸಿ ಅಡಿಕೆಯ ರಾಶಿಯ ಪಕ್ಕ ಕುಳಿತಿದ್ದ. ಅವನಿಗೂ ಅರವತ್ತು ಹತ್ತಿರ, ಮೊಣಕಾಲಿಗೆ ಪಟ್ಟಿ ಕಟ್ಟಿದ್ದ. ಅಭ್ಯಾಸ ಮಾಡಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಮರೆತುಹೋದವು. “ಅವತ್ತು ಸಹಿಗೆ ಕರೆದೆಯಲ್ಲ, ನನಗೆ ಮನಸ್ಸಿತ್ತೋ ಇಲ್ಲವೋ ನೀನು ಕೇಳಲೇ ಇಲ್ಲ. ತೋಟ ಬೇಕೆಂದು ಈಗ ಹೇಳುತ್ತಿಲ್ಲ. ಕೇಳಲಿಲ್ಲವಲ್ಲ, ಅದಕ್ಕೆ ನನಗೆ ಒಂಬತ್ತು ವರ್ಷದಿಂದ ಸಿಟ್ಟಿದೆ” ಎಂದೆ.

ಅವನು ಬಹಳ ಹೊತ್ತು ಅಡಿಕೆ ಉರುಳಿಸುತ್ತಾ ಕೂತ. ಆಮೇಲೆ ಅವನಿಗೇ ಸಿಟ್ಟು ಬಂತು. “ನಗ್ತಾ ಸಹಿ ಮಾಡಿದವಳು ನೀನು. ದೋಸೆ ತಿಂದೆ. ಒಂಬತ್ತು ವರ್ಷ ನಾವೇನು ತಪ್ಪು ಮಾಡಿದ್ದೇವೆಂದು ನಿನ್ನ ಅತ್ತಿಗೆ ಲೆಕ್ಕ ಹಾಕುತ್ತಾ ಕೂತಿದ್ದಾಳೆ. ಅವತ್ತೇ ಹೇಳಿದ್ದರೆ ನನಗೇನು ಕಿವಿ ಇರಲಿಲ್ಲವೇ?” ಎಂದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋದಳು. ನನ್ನ ಬಳಿ ಉತ್ತರವಿರಲಿಲ್ಲ. ಕೇಳದೆ ಇದ್ದದ್ದು ಅವನ ತಪ್ಪು, ಆ ಮಾತನ್ನು ನಾನು ಹಿಂದೆ ತೆಗೆದುಕೊಳ್ಳಲಿಲ್ಲ. ಅವನೂ ತಪ್ಪಾಯಿತೆಂದು ಹೇಳಲಿಲ್ಲ. ಆ ರಾತ್ರಿ ನನ್ನ ಹಳೆಯ ಕೋಣೆಯಲ್ಲಿ, ಅಡಿಕೆ ಚೀಲಗಳ ನಡುವೆ ಹಾಸಿಗೆ ಹಾಸಿದರು. ನಿದ್ದೆ ಬರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಪುಸ್ತಕ ತೆಗೆದು ನಾಲ್ಕು ಕಂಬ ತುಂಬಿದೆ. ‘ಯಾವಾಗ’ ಎಂಬಲ್ಲಿ ಒಂಬತ್ತು ವರ್ಷ ತಡ ಎಂದು ಬರೆದೆ. ‘ಎಷ್ಟು’ ಎಂಬುದನ್ನು ಖಾಲಿ ಬಿಟ್ಟೆ.

ಮೂರು ವಾರದ ಮೇಲೆ ಅವನ ಫೋನ್ ಬಂತು. ಗೊನೆ ಕೊಯ್ಯುವಾಗ ದೋಟಿ ಮುರಿಯಿತು, ಅಪ್ಪ ಮಾಡಿಟ್ಟದ್ದರಲ್ಲಿ ಅದೇ ಕಡೆಯದು ಎಂದ. ಬಿದಿರು ಕಾಯಿಸುವಾಗ ಅಪ್ಪ ಎಣ್ಣೆ ಸವರುತ್ತಿದ್ದರೋ ಇಲ್ಲವೋ ನಿನಗೆ ನೆನಪಿದೆಯೇ ಎಂದು ಕೇಳಿದ. ನೆನಪಿಲ್ಲವೆಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ನಿನಗೆ ಇನ್ನೂ ಸಿಟ್ಟಿದೆಯಾ?” ಎಂದ.

ಹುಟ್ಟಿದ ಲಾಗಾಯ್ತಿನಿಂದ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ‘ಛೇ, ಇಲ್ಲಪ್ಪ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಇದೆ. ಸ್ವಲ್ಪ” ಎಂದೆ.

“ಸರಿ” ಎಂದ. ಆಮೇಲೆ ಅಡಿಕೆ ದರದ ಮಾತು ಬಂತು.